ಶೇಷ ತಿನ್ನುವ ಸರ

ತೆಲಸಂಗದ ಶಾಲೆಯಲ್ಲಿ ನಾಲ್ಕನೇ ಇಯತ್ತೆಗೆ ನಮಗೆ ಗಣಿತ ಕಲಿಸಿದ ಸರ ಭಾಗಾಕಾರದ ಲೆಕ್ಕಗಳನ್ನು ಪುಸ್ತಕದಿಂದ ಹೇಳುತ್ತಿರಲಿಲ್ಲ. ಕಿಸೆಯಿಂದ ಪೆಪ್ಪರಮಿಂಟಿನ ಪೊಟ್ಟಣ ತೆಗೆದು ಮೇಜಿನ ಮೇಲೆ ಸುರಿಯುತ್ತಿದ್ದರು. ತಲಾ ಎಷ್ಟು ಬರುತ್ತದೆ ಎಂದು ನಾವು ಪಾಟಿಯ ಮೇಲೆ ಬರೆದು ತೋರಿಸಿದ ಮೇಲೆಯೇ ಹಂಚಿಕೆ. ಕೊನೆಗೆ ಉಳಿದವನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತ, "ಭಾಗಲಬ್ಧ ನಿಮಗ, ಶೇಷ ನನಗ," ಎನ್ನುತ್ತಿದ್ದರು. ಅದೇನು ವಿಚಿತ್ರವೋ, ಅವರ ಪೊಟ್ಟಣದಲ್ಲಿ ಶೇಷ ಉಳಿಯದ ದಿನವೇ ಇರಲಿಲ್ಲ.

ಒಂದು ದಿನ ಐವತ್ತು ಪೆಪ್ಪರಮಿಂಟು ತಂದಿದ್ದರು. ನಾವಿದ್ದದ್ದು ಇಪ್ಪತ್ಮೂರು ಮಂದಿ. ತಲಾ ಎರಡು ಹಂಚಿದರೆ ನಾಲ್ಕು ಉಳಿಯುತ್ತವೆ ಎಂದು ಎಲ್ಲರೂ ಬರೆದೆವು. ಸರ ಆಗಲೇ ತುಟಿ ಸವರಿಕೊಳ್ಳುತ್ತಿದ್ದರು. ಅಷ್ಟರಲ್ಲಿ, ಕುರಿ ಎಣಿಸಿಯೇ ಬೆಳೆದ ನನ್ನ ಗೆಳತಿ ಎದ್ದು ಹೊರಗೆ ಹೋಗಿ, ಪಕ್ಕದ ಖೋಲಿಯಲ್ಲಿ ಕೆಳಗಿನ ತರಗತಿಗಳ ಮಕ್ಕಳೊಂದಿಗೆ ಕೂತಿದ್ದ ತನ್ನ ಇಬ್ಬರು ತಂಗಿಯರನ್ನು ಕೈಹಿಡಿದು ಕರೆತಂದಳು.

"ಇವರೂ ಬಂದಾರ್ರಿ ಸರ. ಈಗ ಇಪ್ಪತ್ತೈದು ಮಂದಿ ಆದಿವ್ರಿ."

ಸರ ಮೇಜಿನ ಮೇಲಿನ ಪೆಪ್ಪರಮಿಂಟುಗಳನ್ನು ಮತ್ತೊಮ್ಮೆ ಎಣಿಸಿದರು.

"ಲೆಕ್ಕ ಬರೋಬ್ಬರಿ ಐತಿ. ಕುಂದ್ರವಾ," ಎಂದು ಐವತ್ತನ್ನೂ ಹಂಚಿದರು.

ಮರುದಿನ ಪೊಟ್ಟಣ ಬಿಚ್ಚುವ ಮೊದಲು ಎದ್ದು ಹೋಗಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದರು.