ನಿಮ್ಮ ಸೀಸೆಯ ಮುಚ್ಚಳ

ಗಿರಿಜಾ ಅವರೇ, ನಿಮ್ಮ ಹರಳುಗಳು ತಾವಾಗಿ ಒಣಗಲಿಲ್ಲ. ಸೀಸೆಯ ಮುಚ್ಚಳ ತೆಗೆದವನು ನಾನು. ಹತ್ತು ವರ್ಷದಿಂದ ಈ ಎರಡು ವಾಕ್ಯ ಬರೆದು, ಹರಿದು, ಮತ್ತೆ ಬರೆದು — ಇವತ್ತು ಹರಿಯುವುದಿಲ್ಲ.

ಧಾರವಾಡದಲ್ಲಿ ನಾವಿಬ್ಬರೂ ಒಂದೇ ಗುರುಗಳ ಕೈಕೆಳಗೆ ರಸಾಯನಶಾಸ್ತ್ರದ ಸಂಶೋಧನೆಗೆ ಕುಳಿತಿದ್ದೆವು. ತಾಮ್ರದ ನಾಲ್ಕು ಪರಮಾಣುಗಳ ಗೊಂಚಲು, ಅದರ ಸುತ್ತ ಸಾವಯವ ಅಣುಗಳು. ಆ ಅಣುಗಳ ಒಂದು ಹೈಡ್ರೋಜನ್ ತಾಮ್ರದತ್ತ ವಾಲುತ್ತದೆ, ಅಲ್ಲೊಂದು ದುರ್ಬಲ ಬಂಧವಿದೆ ಎಂದಿರಿ ನೀವು. ತುಂಬಿದ ಸಭೆಯಲ್ಲಿ ನಾನು ಗೇಲಿ ಮಾಡಿದೆ: "ಬಾಜೂಕ ಕುಂತವರೆಲ್ಲಾ ಬೀಗರಾಗ್ತಾರೇನ್ರಿ?" ಎಲ್ಲರೂ ನಕ್ಕರು. ನೀವು ನಗಲಿಲ್ಲ. "ಹರಳಿನ ಚಿತ್ರ ಬರ್ಲಿ, ಆಮ್ಯಾಲ ಮಾತಾಡೂಣ್ರಿ" ಎಂದಿರಿ.

ಹರಳಿನೊಳಗೆ ಯಾವ ಪರಮಾಣು ಎಲ್ಲಿದೆಯೆಂದು ತೋರಿಸುವ ಆ ಚಿತ್ರ ತೆಗೆಯುವ ಎಕ್ಸ್-ರೇ ಯಂತ್ರವಿದ್ದದ್ದು ಬೆಂಗಳೂರಿನಲ್ಲಿ. ಉಪ್ಪಿನಬೆಟಗೇರಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ನಿಮ್ಮನ್ನು ಅಷ್ಟು ದೂರ ಒಬ್ಬರನ್ನೇ ಮನೆಯವರು ಕಳಿಸಲಿಲ್ಲ. ಯುಗಾದಿಯೊಳಗೆ ಪ್ರಬಂಧ ಮುಗಿಯದಿದ್ದರೆ ಓದು ಬಿಡಿಸಿ ಮದುವೆ ಎಂದು ನಿಮ್ಮ ತಂದೆ ಹೇಳಿದ್ದರು — ಅದೂ ನನಗೆ ಗೊತ್ತಿತ್ತು. ಗೊತ್ತಿದ್ದೂ, ನಾನೇ ಒಯ್ಯುತ್ತೇನೆಂದು, ದ್ರಾವಣದಲ್ಲಿ ನೀವು ಬೆಳೆಸಿದ ಹರಳುಗಳ ಸೀಸೆ ತೆಗೆದುಕೊಂಡೆ. "ದ್ರಾವಣ ಆರಿದರ ಹರಳು ಉಳಿಯೂದಿಲ್ರಿ, ಜ್ವಾಕಿ" ಎಂದಿರಿ.

ಬೈರಿದೇವರಕೊಪ್ಪದ ನನ್ನ ಕೋಣೆ. ರೈಲಿಗೆ ಇನ್ನೂ ಹೊತ್ತಿತ್ತು. ಬೆಲ್ಲದ ಬಣ್ಣದ ಹರಳುಗಳನ್ನು ಬಿಸಿಲಿಗೆ ಹಿಡಿದು ನೋಡಿದೆ. ನೀವು ಹೇಳಿದ್ದೇ ನಿಜವಾದರೆ — ಆ ಸಭೆ, ಆ ನಗು, ನನ್ನ ಮುಖ — ಸೀಸೆಯನ್ನು ಕಿಟಕಿಯಲ್ಲಿ ತೆರೆದಿಟ್ಟೆ. ಒಳಗೂ ಹೊರಗೂ ತಿರುಗಾಡಿದೆ. ಮುಚ್ಚಬಹುದಿತ್ತು, ಎರಡು ಸಲ ಹತ್ತಿರ ಹೋದೆ, ಕೈ ಚಾಚಲಿಲ್ಲ. ಹೊರಡುವ ಹೊತ್ತಿಗೆ ಹರಳುಗಳು ಮಬ್ಬಾಗಿ ಪುಡಿಯಾಗಿದ್ದವು.

"ಮುಚ್ಚಳ ಸಡಲ ಇತ್ರಿ, ದಾರ್ಯಾಗ ಒಣಗಿಬಿಟ್ಟಾವು" ಎಂದೆ ಮರಳಿ ಬಂದು. ನೀವು ನಂಬಿದಿರಿ. ಮತ್ತೆ ಹರಳು ಬೆಳೆಸುವಷ್ಟರಲ್ಲಿ ಯುಗಾದಿ ಬಂತು.

ಹೋದ ವಾರ, ನೀವೀಗ ಕಲಿಸುವ ಕಾಲೇಜಿಗೆ ಪ್ರಾಯೋಗಿಕ ಪರೀಕ್ಷೆ ನಡೆಸಲು ಬಂದೆ. ಪ್ರತಿ ಸೀಸೆಯ ಮುಚ್ಚಳವನ್ನೂ ನೀವು ಎರಡೆರಡು ಸಲ ತಿರುಗಿಸಿ ನೋಡುತ್ತಿದ್ದಿರಿ. "ಒಮ್ಮೆ ನನ್ನ ಕೈ ಸಡಲಾಗಿ ಎಲ್ಲಾ ಹೋತಲ್ರಿ ಸರ್, ಅವತ್ತಿನಿಂದ ಇದೊಂದು ಚಟಾನ ಆಗೇತಿ" ಎಂದು ನಕ್ಕಿರಿ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಕ್ಷಮಿಸಿ ಎನ್ನುವ ಮುಖ ನನಗಿಲ್ಲ. ಇದರ ಒಂದು ಪ್ರತಿಯನ್ನು ಗುರುಗಳಿಗೂ ಕಳಿಸಿದ್ದೇನೆ. ನಿಮ್ಮ ಕೈ ಸಡಿಲವಾಗಿರಲಿಲ್ಲ, ಗಿರಿಜಾ ಅವರೇ. ಆ ಮುಚ್ಚಳ ತೆಗೆಯಲು ನಾನು ಬಟ್ಟೆ ಸುತ್ತಿ, ಬಲ ಹಾಕಿ ತಿರುಗಿಸಬೇಕಾಯಿತು.