ಬೇಲಿಯಾಚೆಯ ಕೋರ್ಟು

ಅಜ್ಜಂಪುರ ಸ್ಟೇಷನ್ನಿನಲ್ಲಿ ಕಡೂರಿನ ರೈಲಿಗೆ ಕಾಯುತ್ತಿದ್ದೆ. ನನ್ನ ಕಣ್ಣೆದುರೇ, ತೆಂಗಿನಕಾಯಿ ತಂದಿದ್ದ ರೈತ ಸಿದ್ದಪ್ಪ ಗಾಡಿ ಹೊಡೆಯುವ ಬುಡೇನ್ ಸಾಬರ ಹಣೆಗೆ ಬಾರುಕೋಲಿನಿಂದ ಬಾರಿಸಿಬಿಟ್ಟ. ಯಾರ ಗಾಡಿ ಮುಂದೆ ನಿಲ್ಲಬೇಕೆಂಬ ಜಗಳ. ಸಾಬರು ರಕ್ತ ಒರೆಸಿಕೊಳ್ಳುತ್ತಲೇ ಹೋಗಿ ರೈಲ್ವೆ ಪೊಲೀಸಿನವನಿಗೆ ದೂರು ಹೇಳಿದರು.

“ತಂತಿಬೇಲಿ ಒಳಗೆ ಹೊಡೆದದ್ದಲ್ವಾ? ರೈಲ್ವೆ ನೆಲ ಇಂಗ್ಲಿಷರ ಕೈಲಿದೆ, ಇಲ್ಲಿ ಅವರದೇ ಕಾಯ್ದೆ. ಮೊಕದ್ದಮೆ ಬೆಂಗಳೂರಿಗೆ, ಇಂಗ್ಲಿಷರ ದಂಡಿನ ಕೋರ್ಟಿಗೆ ಹೋಗುತ್ತೆ. ಬೇಲಿಯಾಚೆ ಆಗಿದ್ರೆ ಮಹಾರಾಜರ ಕಾಯ್ದೆ, ತರೀಕೆರೆ ಕೋರ್ಟೇ ಸಾಕಾಗಿತ್ತು,” ಎಂದ ಅವನು.

ಸಾಬರು ಸಿದ್ದಪ್ಪನ ಕೈ ಹಿಡಿದು ಬೇಲಿಯಾಚೆ ಕರೆದೊಯ್ದು ಎದುರಿಗೆ ನಿಂತರು.

“ಇಲ್ಲಿ ಇನ್ನೊಂದು ಏಟು ಹಾಕು ಸಿದ್ದಪ್ಪ. ಬೆಂಗ್ಳೂರಿಗೆ ಅಲೆಯೋಕೆ ನನ್ ಕೈಲಾಗಲ್ಲ.”

ಸಿದ್ದಪ್ಪ ಬಾರುಕೋಲನ್ನು ಕೆಳಗಿಟ್ಟು, ಹೆಗಲ ಮೇಲಿನ ವಸ್ತ್ರ ತೆಗೆದು ಅವರ ಹಣೆಗೆ ಕಟ್ಟಿದ. “ಕೋಪದಲ್ಲಿ ಹೊಡ್ದೆ ಕಣ್ರೀ ಸಾಬ್ರೇ. ಈಗ ಕೈ ಏಳಲ್ಲ. ನಿಮ್ ಗಾಡೀನೇ ಮುಂದೆ ಬಿಡಿ,” ಎಂದ.

ಆ ಬೇಲಿಯನ್ನು ಎಷ್ಟೋ ಸಲ ದಾಟಿದ್ದೆ; ಒಂದು ಹೆಜ್ಜೆಗೆ ಸರ್ಕಾರವೇ ಬದಲಾಗುತ್ತದೆಂದು ತಿಳಿದದ್ದು ಅವತ್ತೇ. ಸಿದ್ದಪ್ಪ ಎರಡನೇ ಏಟನ್ನೂ ಹೊಡೆದಿದ್ದರೆ ಅವನು ಎರಡು ಕೋರ್ಟಿಗೂ ಹೋಗಬೇಕಾಗುತ್ತಿತ್ತೇ? ಯಾರನ್ನು ಕೇಳಬೇಕೋ ಇನ್ನೂ ಗೊತ್ತಾಗಿಲ್ಲ.