ಎರಡು ಕಾಸ್ಟ್ಯೂಮಿನ ಬಿಲ್ಲು

ತೆರಿಗೆ ಲೆಕ್ಕಕ್ಕೆಂದು ಕೂಡಿಟ್ಟ ಬಿಲ್ಲುಗಳ ಅಕ್ಷರ ಅಳಿಸಿಹೋಗಬಹುದಿತ್ತು. ಅಂಗಡಿಯವರು ಕೊಡುವ ಆ ನುಣುಪು ಕಾಗದದ ಮೇಲೆ ಮೂರು ತಿಂಗಳಾದರೆ ಏನೂ ಉಳಿಯುವುದಿಲ್ಲ. ಅದಕ್ಕೇ ಎಲ್ಲದಕ್ಕೂ ಎರಡೆರಡು ಜೆರಾಕ್ಸ್ ಮಾಡಿಸಿದ್ದೆ. ಆ ಜೆರಾಕ್ಸುಗಳನ್ನು ಬಸ್ಸಿನಲ್ಲೇ ಮರೆತು ಇಳಿಯಬಹುದಿತ್ತು. ಪ್ಯಾನ್ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಹೆಸರು, ಬ್ಯಾಂಕಿನಲ್ಲಿ ಗಂಡನದು ಇರುವುದರಿಂದ ನಾನು ಇಬ್ಬರು ಹೆಂಗಸರೆಂದು ಇಲಾಖೆ ತೀರ್ಮಾನಿಸಬಹುದಿತ್ತು. ಬೇಸಿಗೆ ಶಿಬಿರದವರು ನನ್ನ ದುಡ್ಡಿನಲ್ಲಿ ಹಿಡಿದ ತೆರಿಗೆಯನ್ನು ಕಟ್ಟದೆ ತಾವೇ ಇಟ್ಟುಕೊಳ್ಳಬಹುದಿತ್ತು. ಯಾರೋ ಅಧಿಕಾರಿ ಫೋನ್ ಮಾಡಿ, ‘ಈ ವಯಸ್ಸಿಗೆ ಈಜು ಕಲಿಸ್ತೀರಾ? ಬಂದು ಈಜಿ ತೋರಿಸಿ’ ಎನ್ನಬಹುದಿತ್ತು. ಈ ಕೊನೆಯದನ್ನು ನೆನೆದು ಎರಡು ದಿನ ನಿದ್ದೆ ಕೆಟ್ಟೆ.

ವರ್ಷದ ಹತ್ತು ತಿಂಗಳು ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವ ನಾನು ಏಪ್ರಿಲ್, ಮೇ ತಿಂಗಳಲ್ಲಿ ಜಯನಗರದ ಈಜುಕೊಳವೊಂದರ ಬೇಸಿಗೆ ಶಿಬಿರದಲ್ಲಿ ಹೆಂಗಸರಿಗೂ ಮಕ್ಕಳಿಗೂ ಈಜು ಕಲಿಸುತ್ತೇನೆ. ಕೇಳುವುದಕ್ಕೆ ಚೆಂದ. ಬೆಳಿಗ್ಗೆ ಆರಕ್ಕೆ ನೀರಿಗಿಳಿದರೆ ಮೊದಲು ಎದುರಾಗುವುದು ಯಾರದೋ ಮೊಣಕಾಲಿನಿಂದ ಕಳಚಿದ ಬ್ಯಾಂಡೇಜು. ಆಮೇಲೆ ಕೂದಲಿನ ಉಂಡೆ. ಆಮೇಲೆ, ಎದೆಮಟ್ಟದ ನೀರಿನಲ್ಲಿ ಒಮ್ಮೆಲೇ ಗಂಭೀರವಾಗಿ ನಿಂತುಬಿಡುವ ಒಂದು ಮಗು. ಏಕೆ ನಿಂತಿತೆಂದು ಕೇಳುವ ಅಗತ್ಯವಿಲ್ಲ, ಅಷ್ಟು ಜಾಗದಲ್ಲಿ ನೀರು ಬೆಚ್ಚಗಾಗುತ್ತದೆ. ಇದನ್ನೆಲ್ಲ ತೊಳೆಯಲು ಸುರಿಯುವ ಕ್ಲೋರಿನ್ ನನ್ನ ಈಜುಡುಗೆಯನ್ನೂ ತಿನ್ನುತ್ತದೆ. ತಿಂಗಳಿಗೆಲ್ಲ ಎಲಾಸ್ಟಿಕ್ ಸಡಿಲ, ಹಿಂಭಾಗ ಜಾಳುಜಾಳು. ಆದ್ದರಿಂದ ಬೇಸಿಗೆಗೆ ಎರಡು ಬೇಕು. ಬಡಗಿಗೆ ಉಳಿ ಹೇಗೋ ನನಗೆ ಅದು ಹಾಗೆ. ಅದನ್ನು ಕೆಲಸದ ಸಲಕರಣೆ ಎಂದು ಒಬ್ಬರಾದರೂ ಬರೆದುಕೊಳ್ಳಲಿ ಎಂಬುದಷ್ಟೇ ಈ ಸಲದ ನನ್ನ ಆಸೆಯಾಗಿತ್ತು.

ನಮ್ಮ ಮನೆಯವರೆಲ್ಲರ ತೆರಿಗೆ ನೋಡುವ ಆಡಿಟರು ಬನಶಂಕರಿಯಲ್ಲಿದ್ದಾರೆ. ಎಪ್ಪತ್ತು ದಾಟಿದವರು, ಎರಡೇ ಬೆರಳಿನಲ್ಲಿ ಟೈಪ್ ಮಾಡುತ್ತಾರೆ. ನಾನು ಹೋದಾಗ ಗೋಡೆ ಬದಿಯ ಕುರ್ಚಿಯಲ್ಲಿ ಪೇಪರ್ ಓದುತ್ತ ಇನ್ನೊಬ್ಬ ಹಿರಿಯರು ತಮ್ಮ ಸರದಿಗೆ ಕಾಯುತ್ತಿದ್ದರು. ಆಡಿಟರು ಬಿಲ್ಲುಗಳನ್ನು ಒಂದೊಂದಾಗಿ ಎತ್ತಿ ಗಟ್ಟಿಯಾಗಿ ಓದತೊಡಗಿದರು. ಈಜುಗನ್ನಡಕ, ಸೀಟಿ, ತೇಲುವ ಹಲಗೆ, ಎಲ್ಲ ಸುಸೂತ್ರವಾಗಿ ಸಾಗಿತು.

“ಲೇಡೀಸ್ ಕಾಸ್ಟ್ಯೂಮ್, ಡಬಲ್ ಎಕ್ಸೆಲ್, ಎರಡು. ಇದೇನಮ್ಮ, ನಾಟಕ ಗೀಟಕ ಮಾಡ್ತೀರಾ?”

“ಇಲ್ಲ ಸಾರ್. ನೀರಿಗಿಳಿಯೋವಾಗ ಹಾಕ್ಕೊಳ್ಳೋದು.”

ಅವರು ಆ ಬಿಲ್ಲನ್ನು ಬೋರಲು ಹಾಕಿದರು. ಪೇಪರ್ ಓದುತ್ತಿದ್ದವರು ಪುಟ ತಿರುವುವುದನ್ನು ನಿಲ್ಲಿಸಿದರು. ನನ್ನ ಸುತ್ತಳತೆ ಈಗ ಬನಶಂಕರಿಗೆಲ್ಲ ಗೊತ್ತಾಯಿತು ಎಂದುಕೊಂಡೆ.

“ಬಟ್ಟೆ ಎಲ್ಲಾ ಪರ್ಸನಲ್ಲು ಅಮ್ಮ. ಬಟ್ಟೆ ಹಾಕ್ಕೊಳ್ದೇ ಯಾರಾದ್ರೂ ಇರ್ತಾರಾ?”

“ಇದನ್ನ ಹಾಕ್ಕೊಂಡು ತರಕಾರಿ ತರಕ್ಕೆ ಹೋಗಕ್ಕಾಗಲ್ವಲ್ಲ ಸಾರ್.”

ಪೇಪರಿನ ಹಿಂದಿನಿಂದ ಕೆಮ್ಮು ಕೇಳಿಸಿತು. ಆ ತರಕಾರಿ ಅಂಗಡಿಯ ದೃಶ್ಯವನ್ನು ಇಬ್ಬರೂ ಈಗ ಕಲ್ಪಿಸಿಕೊಳ್ಳುತ್ತಿದ್ದಾರೆ ಎಂದು ಹೊಳೆದು ಕುರ್ಚಿಯಲ್ಲಿ ಕುಗ್ಗಿ ಕೂತೆ.

“ನೋಡೋಣ, ನೋಡೋಣ,” ಎಂದ ಆಡಿಟರು ಮಾತು ಬದಲಿಸಿದರು. “ಖರ್ಚಲ್ಲಿ ಪೆಟ್ರೋಲ್ ಒಂದಿಷ್ಟು ಹಾಕ್ತೀನಿ ಬಿಡಿ. ಎಲ್ಲಾರೂ ಹಾಕ್ತಾರೆ.”

“ನನ್ನ ಹತ್ರ ಗಾಡಿನೇ ಇಲ್ಲ ಸಾರ್. ಕುಮಾರಸ್ವಾಮಿ ಲೇಔಟಿಂದ ಬಸ್ಸಲ್ಲಿ ಹೋಗ್ತೀನಿ.”

“ಹಾಗಾದ್ರೆ ಬಸ್ ಚಾರ್ಜು ಹಾಕೋಣ.”

“ಹೆಂಗಸ್ರಿಗೆ ಬಸ್ಸು ಫ್ರೀ ಅಲ್ವಾ ಸಾರ್.”

“ಅಯ್ಯೋ, ಆಟೋದಲ್ಲಾದ್ರೂ ಹೋಗಬಾರ್ದೇನಮ್ಮ? ನಮಗೂ ಬರಿಯಕ್ಕೆ ಏನಾದ್ರೂ ಬೇಕಲ್ಲ!”

ಪಟ್ಟಿ ಪ್ರಿಂಟಾಗಿ ಬಂತು. ಕೊನೆಯ ಸಾಲಿನಲ್ಲಿ ಪೆಟ್ರೋಲ್ ಕೂತಿತ್ತು. ಇಲ್ಲದ ಸ್ಕೂಟರಿಗೆ ಇಡೀ ಬೇಸಿಗೆಯ ಪೆಟ್ರೋಲ್. ಬೆವರುತ್ತ, ತೊದಲುತ್ತ, ನಾಲ್ಕು ಸಲ ಕ್ಷಮಿಸಿ ಎನ್ನುತ್ತ, ಅದನ್ನು ತೆಗೆಸುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಅವರು ಮುಖ ಗಂಟಿಕ್ಕಿಕೊಂಡು ಮತ್ತೊಂದು ಪ್ರಿಂಟ್ ತೆಗೆದರು. ಆ ವರ್ಷಕ್ಕೆಂದು ನನ್ನಲ್ಲಿದ್ದ ಧೈರ್ಯವೆಲ್ಲ ಅಲ್ಲಿಗೇ ಖರ್ಚಾಗಿತ್ತು. ಹೊಸ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದೆ. ಸೀಟಿ ಇತ್ತು. ಸೀಟಿಗೆ ಕಟ್ಟುವ ದಾರವೂ ಇತ್ತು.

“ಸಾರ್, ಅದು ಬಿಟ್ಟುಹೋಗಿದೆ.”

“ಯಾವ್ದಮ್ಮ?”

“ಅದೇ ಸಾರ್... ಅದು.”

“ಅದೆಲ್ಲಾ ಯಾಕೆ? ನಾಳೆ ಯಾರಾದ್ರೂ ಫೈಲ್ ತೆಗೆದು ನೋಡಿದ್ರೆ ಚೆನ್ನಾಗಿರಲ್ಲ. ನಿಮ್ಮ ಮರ್ಯಾದೆಗೇ ಹೇಳ್ತಿರೋದು.”

ಸುಳ್ಳು ಪೆಟ್ರೋಲಿಗೆ ಹೇಸದ ಮನುಷ್ಯ ನಿಜದ ಬಟ್ಟೆಗೆ ಹೇಸಿದರು. ಅವರ ಬಗ್ಗೆ ಎಷ್ಟು ಬೇಕಾದರೂ ಅಸಹ್ಯಪಡಬಹುದಿತ್ತು. ಆದರೆ ದಿನವೂ ಐವತ್ತು ಜನರ ಮುಂದೆ ತೊಟ್ಟು ನಿಲ್ಲುವ ವಸ್ತುವಿನ ಹೆಸರು ಆ ಮೇಜಿನ ಮುಂದೆ ನನ್ನ ಬಾಯಿಂದಲೂ ಹೊರಡಲಿಲ್ಲ.

ಕೆಲವು ವಾರಗಳ ಮೇಲೆ, ಶಿಬಿರದವರು ಹಿಡಿದ ತೆರಿಗೆಯಲ್ಲಿ ಸ್ವಲ್ಪ ವಾಪಸ್ ಬಂತು. ಇಲಾಖೆ ನನ್ನನ್ನು ಒಬ್ಬಳೇ ಎಂದು ಒಪ್ಪಿತು. ಈಜಿ ತೋರಿಸಲು ಯಾರೂ ಕರೆಯಲಿಲ್ಲ. ಎಡವಟ್ಟಾದದ್ದು ಇಷ್ಟೇ: ಆ ದಿನ ‘ಅದು’ ಇಲ್ಲದ ಪಟ್ಟಿಯಲ್ಲೇ ಆಡಿಟರು ತೋರಿಸಿದ ಜಾಗಕ್ಕೆ ಸಹಿ ಹಾಕಿ, ಎದ್ದು ನಿಂತು, “ಥ್ಯಾಂಕ್ಸ್ ಸಾರ್,” ಎಂದುಬಿಟ್ಟೆ.